ಹೊಳೆದಂಡೆಯಿಂದ ಕೂಗಿದ ಹುಲಿಗೆವ್ವ

ಬಹಳ ಹಿಂದೆ, ಹೊಳೆ ಎರಡು ಸೀಳಾಗಿ ಹರಿಯುವ ಕಡೆ ಒಂದು ಊರಿತ್ತಂತೆ. ಆ ಊರಲ್ಲಿ ಹುಲಿಗೆವ್ವ ಅಂತ ಒಬ್ಬ ಸೂಲಗಿತ್ತಿ. ಅವಳು ಹೊಟ್ಟೆ ನೀವಿದರೆ ಅಡ್ಡ ಮಲಗಿದ ಕೂಸೂ ತಾನಾಗಿ ಹೊರಳುತ್ತಿತ್ತಂತೆ. ಅಷ್ಟು ಹಗುರ ಅವಳ ಕೈ ಅಂತಾರೆ.

ಒಂದು ಚಳಿಗಾಲ ಊರಿಗೆ ಕೆಮ್ಮುಜ್ವರ ಬಂತು. ಉಳಿದವರು ಹಾಸಿಗೆ ಹಿಡಿದರು, ನರಳಿದರು, ಎದ್ದರು. ಬಸುರಿಯರಿಗೆ ಮಾತ್ರ ಅದು ಎದೆಗಿಳಿಯಿತು. ಉಸಿರು ಸಾಲದೆ ತುಟಿ ನೀಲಿಗಟ್ಟುತ್ತಿತ್ತು. ಕುಂಬಾರರ ಗಿರಿಜವ್ವ ತುಂಬಿದ ಬಸುರಿ, ಹುಲಿಗೆವ್ವನ ತೊಡೆಯ ಮೇಲೇ ಹೋದಳಂತೆ.

ಮಣ್ಣು ಮಾಡಿ ಬಂದ ಹುಲಿಗೆವ್ವ ಓಣಿಯಲ್ಲಿ ನಿಂತು ಹೇಳಿದಳು, ಜ್ವರ ತಗಲದ ಬಸುರಿಯರೆಲ್ಲ ಹೊಳೆಯ ನಡುಗಡ್ಡೆಗೆ ಹೋಗಲಿ, ದನಗಾಹಿಗಳ ಗುಡಿಸಲಲ್ಲಿರಲಿ ಅಂತ. ಅತ್ತೆಯಂದಿರು ಬೈದರು. ಗಂಡಂದಿರು ಅಡ್ಡ ನಿಂತರು. ಅವಳು ಮಾತು ಬೆಳೆಸದೆ ಚೊಚ್ಚಲ ಬಸುರಿಯಾಗಿದ್ದ ತನ್ನ ಮಗಳು ಸಂಕವ್ವನನ್ನೇ ಮೊದಲು ಕಳಿಸಿದಳು. ಆಮೇಲೆ ಒಬ್ಬೊಬ್ಬರೇ ಹೋದರು. ತಾನು ಊರಲ್ಲೇ ಉಳಿದು, ಜ್ವರ ಹತ್ತಿದವರನ್ನು ಗೋಡೆಗೆ ಒರಗಿಸಿ ಕೂರಿಸಿ ಗಂಜಿ ಕುಡಿಸಿದಳು. ಕೊನೆಗೆ ಕೆಮ್ಮು ಅವಳಿಗೂ ಹತ್ತಿತು.

ಅಷ್ಟರಲ್ಲೇ ಸಂಕವ್ವನಿಗೆ ನೋವು ಶುರುವಾಯಿತು. ಗಡ್ಡೆಯಲ್ಲಿ ಹೆರಿಗೆ ಬಲ್ಲವರು ಯಾರೂ ಇಲ್ಲ. ಗಡ್ಡೆಯವರ ಕೂಗು ಕೇಳಿ ಹುಲಿಗೆವ್ವ ದಂಡೆಗೆ ಓಡಿ ಬಂದಳು. ನಡುವೆ ಮೊಣಕಾಲುದ್ದ ನೀರು, ಅಷ್ಟೇ.

“ಎವ್ವಾ, ದಾಟಿ ಬಾ! ಸಾಯ್ತೀನಿ ನಾ!” ಅಂತ ಮಗಳು ಚೀರಿದಳು.

ಹುಲಿಗೆವ್ವ ನೀರಿಗೆ ಕಾಲಿಟ್ಟಳು. ಕೆಮ್ಮು ಒತ್ತರಿಸಿ ಬಂತು. ಕಾಲು ಹಿಂದಕ್ಕೆ ತೆಗೆದಳು.

“ನಾ ಬರಾಂಗಿಲ್ಲವ್ವ. ನಾ ಬಂದ್ರ ಅದೂ ನನ್ನ ಕೂಡ ಬರ್ತದ. ಹೇಳ್ದಂಗ ಮಾಡು.”

ಎರಡೂ ಕೈಯನ್ನು ಸೆರಗಿನಲ್ಲಿ ಬಿಗಿದು ಹಿಡಿದು, ಅಲ್ಲಿಂದಲೇ ಕೂಗಿ ಹೇಳತೊಡಗಿದಳು. ಹಿಡಿ ಅಂದರೆ ಹಿಡಿದರು, ಬಿಡು ಅಂದರೆ ಬಿಟ್ಟರು. ಗಡ್ಡೆಯ ಬಸುರಿಯರೇ ಅವಳ ಕೈಯಾದರು. ಆ ದನಿ ಆಚೆ ಊರಿಗೂ ಕೇಳಿತು ಅಂತಾರೆ. ಹೊಳೆಯೇ ಸದ್ದಡಗಿಸಿ ಹರಿಯಿತು ಅಂತಾರೆ. ಹೊತ್ತು ಇಳಿಯುವಾಗ ಕೂಸು ಅತ್ತಿತು. ಎತ್ತಿ ತೋರಿಸಿದರು. ಹೆಣ್ಣೋ ಗಂಡೋ ಅಂತ ಕೇಳಲು ಹುಲಿಗೆವ್ವನಲ್ಲಿ ದನಿಯೇ ಉಳಿದಿರಲಿಲ್ಲ.

ಆ ಜ್ವರದಲ್ಲೇ ತೀರಿಕೊಂಡಳು ಅಂತ ಕೆಲವರು. ಬದುಕಿದಳು, ದನಿ ಮಾತ್ರ ಮರಳಲಿಲ್ಲ ಅಂತ ಇನ್ನು ಕೆಲವರು.

ಇವತ್ತಿಗೂ ಆ ಊರಲ್ಲಿ ಕೆಮ್ಮು ಬಂದವರು ಬಸುರಿ ಇರುವ ಮನೆಯ ಹೊಸಿಲು ದಾಟುವುದಿಲ್ಲ. ಹೆತ್ತ ತಾಯಿಯಾದರೂ ಅಂಗಳದಲ್ಲೇ ನಿಂತು ಕೂಗುತ್ತಾಳೆ. ಒಳಗಿರುವ ಮಗಳು ಕಿಟಕಿಗೆ ಬಂದು ಓಗೊಡುತ್ತಾಳೆ.