ಹಲ್ಲಿ ನುಡಿದ ಮೇಲೆ

ಮೊಬೈಲ್ ಅಂಗಡಿಯ ಗಾಜಿನ ಕಪಾಟಿನಲ್ಲಿ ಹೊಸ ಫೋನು ಸುದ್ದಿ ತೆಗೆಯಿತು: “ಮುಂದಿನ ಮಾಡೆಲ್ಲಿಗೆ ಚಾರ್ಜರೇ ಬೇಡವಂತೆ. ಬಿಸಿಲು ಕಂಡರೆ ಸಾಕಂತೆ.”

ಗೋಡೆಯ ಮೇಲಿನ ಹಲ್ಲಿ ಲೊಚ್ ಎಂದಿತು. ಹಲ್ಲಿ ನುಡಿದ ಮೇಲೆ ಮಾತು ಸುಳ್ಳಾಗುವುದುಂಟೇ ಎಂದು ಕಪಾಟಿಗೆ ಕಪಾಟೇ ನಂಬಿತು. ಇಯರ್‌ಫೋನು ಆಗಲೇ ಚಾರ್ಜರಿಗೆ ಸಮಾಧಾನ ಹೇಳತೊಡಗಿತು.

ಕಂಗಾಲಾದ ಚಾರ್ಜರು ಹಲ್ಲಿಯನ್ನೇ ಕೇಳಿತು: “ಸ್ವಾಮಿ, ನನ್ನ ಕಾಲ ಮುಗಿಯಿತೆಂದು ತಮಗೆ ಹೇಳಿದವರು ಯಾರು?”

“ಯಾರೂ ಹೇಳಿಲ್ಲಪ್ಪ. ಸೊಳ್ಳೆ ಸಿಕ್ಕಿತು, ಬಾಯಿ ಚಪ್ಪರಿಸಿದೆ.”

ಚಾರ್ಜರಿಗೆ ಹೋದ ಜೀವ ಬಂತು. “ಇಷ್ಟೇನಾ? ಹಾಗಾದರೆ ಇನ್ನು ನೂರು ವರ್ಷ ನನ್ನನ್ನು ಯಾರೂ ಅಲ್ಲಾಡಿಸಲಾರರು” ಎಂದಿತು.

ಹಲ್ಲಿಗೆ ಇನ್ನೊಂದು ಸೊಳ್ಳೆ ಸಿಕ್ಕಿತು. ಲೊಚ್.

“ಕೇಳಿದಿರಾ?” ಎಂದು ಚಾರ್ಜರು ಕಪಾಟಿನತ್ತ ತಿರುಗಿತು. “ಹಲ್ಲಿಯೇ ನುಡಿದಿದೆ.”