ಚೂಪಣ್ಣನ ಕನಕಾಂಬರದ ಪಾತಿ

ಮಕ್ಕಳೇ, ಒಂದು ಕಾಡಿನ ಕೆರೆದಂಡೆಯಲ್ಲಿ ದೊಡ್ಡದೊಂದು ಗೋಣಿಮರವಿತ್ತು. ಬೇಸಿಗೆ ಬಂತೆಂದರೆ ಕಾಡಿನವರೆಲ್ಲ ಅದರ ನೆರಳಿಗೇ ಬರುತ್ತಿದ್ದರು. ಆದರೆ ಆ ನೆರಳಿನಲ್ಲಿ ಹುಲ್ಲು ಬೆಳೆಯುತ್ತಿರಲಿಲ್ಲ. ಮಳೆಗಾಲದಲ್ಲಿ ಬುಡದ ಮಣ್ಣು ಕೆರೆಗೆ ಕೊಚ್ಚಿಹೋಗಿ ಬೇರುಗಳು ಹೊರಗೆ ಕಾಣತೊಡಗಿದ್ದವು.

"ಹೀಗೇ ಬಿಟ್ಟರೆ ಒಂದು ದಿನ ಮರವೇ ಉರುಳುತ್ತದೆ," ಎಂದಳು ಆಮೆಯಜ್ಜಿ. ಕೆರೆಯಾಚೆಯ ಪಾಳು ತೋಟದಿಂದ ಅವಳು ಕನಕಾಂಬರದ ಒಣ ತೆನೆಗಳನ್ನು ತಂದಿದ್ದಳು. "ಇದು ನೆರಳಿನಲ್ಲೂ ಬೆಳೆಯುವ ಗಿಡ. ಒಮ್ಮೆ ಬೇರೂರಿದರೆ ವರ್ಷ ವರ್ಷವೂ ಇರುತ್ತದೆ, ಮಣ್ಣು ಹಿಡಿಯುತ್ತದೆ. ಯಾರು ಬೆಳೆಸುತ್ತೀರಿ?"

"ನಾನು!" ಎಂದು ಮುಂದೆ ಬಂದ ಮುಳ್ಳುಹಂದಿ ಚೂಪಣ್ಣ.

ಚೂಪಣ್ಣ ಒಳ್ಳೆಯ ಕೆಲಸಗಾರ. ಆದರೆ ಎಲ್ಲರೂ ತನ್ನನ್ನು ಹೊಗಳಬೇಕು, ಅದೂ ಬೇಗ ಹೊಗಳಬೇಕು ಎಂಬ ಆಸೆ ಅವನಿಗೆ ತುಸು ಹೆಚ್ಚು.

ಅಜ್ಜಿ ತೆನೆಗಳ ಮೇಲೆ ನೀರು ಚಿಮುಕಿಸಿದಳು. ಚಟ್! ಚಟ್! ಬೀಜಗಳು ಸಿಡಿದವು. ಒಂದು ಬೀಜ ನೇರವಾಗಿ ಚೂಪಣ್ಣನ ಮೂಗಿಗೇ ಬಡಿಯಿತು. ಎಲ್ಲರೂ ನಕ್ಕರು.

"ಬಿತ್ತಿದ ಮೇಲೆ ತೆಳ್ಳಗೆ ಮಣ್ಣು ಉದುರಿಸು. ತೇವ ಆರದಂತೆ ನೋಡಿಕೋ. ಪಾತಿಯನ್ನು ಕೆದಕಬೇಡ. ಇದು ನಿಧಾನದ ಬೀಜ ಕಣಪ್ಪ, ಮೂರು ವಾರವೂ ಆಗಬಹುದು, ತಿಂಗಳೂ ಆಗಬಹುದು," ಎಂದಳು ಅಜ್ಜಿ.

"ನನ್ನ ಕೈಯಲ್ಲಿ ಹತ್ತೇ ದಿನ, ನೋಡ್ತಾ ಇರಿ!" ಎಂದು ಚೂಪಣ್ಣ ಮರದ ಬುಡದಲ್ಲಿ ಪಾತಿ ಮಾಡಿ ಬೀಜ ಬಿತ್ತಿ, ಕಾಡಿಗೆಲ್ಲ ಸಾರಿದ.

ಹತ್ತು ದಿನ ಕಳೆಯಿತು. ಹದಿನೈದೂ ಕಳೆಯಿತು. ಪಾತಿಯಲ್ಲಿ ಒಂದು ಹಸಿರು ಚುಕ್ಕಿಯೂ ಇಲ್ಲ.

"ಏನಣ್ಣ, ಇನ್ನೂ ಬಂದಿಲ್ವಾ?" ಕಾಡುಕೋಳಿ ರಂಗಿ ದಿನವೂ ಕೇಳುತ್ತಿದ್ದಳು. ಅವಳ ಮರಿಗಳು ಕಿಸಕ್ಕನೆ ನಗುತ್ತಿದ್ದವು.

ಚೂಪಣ್ಣನಿಗೆ ತಲೆಯೆತ್ತಿ ನಡೆಯುವುದೇ ಕಷ್ಟವಾಯಿತು. ಹದಿನೆಂಟನೆಯ ದಿನ ಮಧ್ಯಾಹ್ನ ಎಲ್ಲರೂ ನೀರು ಕುಡಿಯಲು ಹೋಗಿದ್ದರು. ಅವನು ಪಕ್ಕದ ಪೊದೆಯಿಂದ ಎಳೆ ಕುಡಿಗಳನ್ನು ಕತ್ತರಿಸಿ ತಂದು, ಸರಸರನೆ ಪಾತಿಯ ತುಂಬ ಚುಚ್ಚಿಬಿಟ್ಟ.

"ಅಬ್ಬಾ! ಒಂದೇ ದಿನದಲ್ಲಿ ಇಷ್ಟೆತ್ತರ!" ರಂಗಿ ಕಣ್ಣರಳಿಸಿದಳು. ಚೂಪಣ್ಣ ಆ ಸಂಜೆಯೆಲ್ಲ ಬೀಗಿದ.

ಮರುದಿನ ಬಿಸಿಲೇರುವಷ್ಟರಲ್ಲಿ ಕುಡಿಗಳೆಲ್ಲ ಬಾಡಿ ಮಲಗಿದವು. ರಂಗಿ ಒಂದನ್ನು ಕೊಕ್ಕಿನಿಂದ ಎಳೆದಳು. ಅದಕ್ಕೆ ಬೇರುಗಳೇ ಇಲ್ಲ! ಅದರ ತುದಿಗೆ ಅಂಟಿಕೊಂಡು ಇನ್ನೇನೋ ಮೇಲೆ ಬಂತು. ಬಿಳಿ ದಂಟಿನ, ಎರಡು ಪುಟ್ಟ ಎಲೆ ಇನ್ನೂ ಮಡಚಿಕೊಂಡಿದ್ದ ಮೊಳಕೆ. ಅದು ನಡುವೆ ಮುರಿದಿತ್ತು.

"ಇದು ಕನಕಾಂಬರ," ಎಂದಳು ಆಮೆಯಜ್ಜಿ ಮೆಲ್ಲಗೆ. "ನಾಳೆಯೋ ನಾಡಿದ್ದೋ ಮೇಲೆ ಬರುತ್ತಿತ್ತು."

ಚೂಪಣ್ಣ ಮುರಿದ ಮೊಳಕೆಯನ್ನು ಎತ್ತಿಕೊಂಡ. "ನಾನೇ ಚುಚ್ಚಿದ್ದು ಅಜ್ಜಿ. ನೀವೆಲ್ಲ ನಗುತ್ತೀರಿ ಅಂತ ಹೆದರಿ ಚುಚ್ಚಿದೆ. ಬಂದ ಮೊಳಕೆಗಳನ್ನು ನಾನೇ ಕೊಂದೆ."

ರಂಗಿಗೂ ಮುಖ ಸಪ್ಪಗಾಯಿತು. "ನಾನೂ ದಿನಾ ಚುಚ್ಚಿ ಚುಚ್ಚಿ ಕೇಳಬಾರದಿತ್ತು," ಎಂದಳು.

"ಎಲ್ಲವೂ ಸತ್ತಿರಲಾರವು," ಎಂದಳು ಅಜ್ಜಿ. "ಕುಡಿಗಳನ್ನು ಮೆಲ್ಲಗೆ ತೆಗೆ. ನೀರು ಹಾಕು. ಕಾದು ನೋಡು."

ಚೂಪಣ್ಣ ಅಂದಿನಿಂದ ದಿನವೂ ಮುತ್ತುಗದ ಎಲೆಯಲ್ಲಿ ನೀರು ತಂದು ಚಿಮುಕಿಸಿದ. ಯಾರಾದರೂ ಕೇಳಿದರೆ, "ಇವತ್ತೂ ಏನೂ ಇಲ್ಲ," ಎಂದು ಇದ್ದದ್ದನ್ನೇ ಹೇಳಿದ. ಆರನೆಯ ದಿನ ಬೆಳಿಗ್ಗೆ ಅವನು ಓಡಿ ಬಂದ. "ಮೂರು! ಮೂರೇ ಮೂರು ಬಂದಿವೆ!"

ತಿಂಗಳು ಮುಗಿಯುವಷ್ಟರಲ್ಲಿ ನಲವತ್ತು ಸಸಿಗಳಾದವು. ಮಳೆ ಹಿಡಿದಾಗ ಸಸಿಯಿಲ್ಲದ ಕಡೆ ಮಣ್ಣು ಸ್ವಲ್ಪ ಜಾರಿತು. ಸಸಿಯಿದ್ದ ಕಡೆ ಒಂದು ಹಿಡಿಯೂ ಕದಲಲಿಲ್ಲ. ಮುಂದಿನ ವರ್ಷ ಮರದ ಬುಡವೆಲ್ಲ ಕೇಸರಿ ಹೂವು, ಹೂವಿನ ತುಂಬ ಚಿಟ್ಟೆ.

ದಾರಿಯಲ್ಲಿ ಹೋಗುತ್ತಿದ್ದ ಜಿಂಕೆಯೊಂದು ನಿಂತು, "ಎಷ್ಟು ಚೆಂದ! ಯಾರು ಬೆಳೆಸಿದ್ದು?" ಎಂದು ಕೇಳಿತು.

"ನಾನೇ," ಎಂದ ಚೂಪಣ್ಣ. "ಅರ್ಧ ಹಾಳು ಮಾಡಿದ್ದೂ ನಾನೇ. ಬನ್ನಿ, ನೆರಳಲ್ಲಿ ಕೂತುಕೊಳ್ಳಿ, ಹೇಳ್ತೀನಿ."

ನೀತಿ: ಆಗದ ಕೆಲಸವನ್ನು ಆಯಿತೆಂದು ತೋರಿಸಲು ಹೋದರೆ, ಆಗುತ್ತಿರುವ ಕೆಲಸವೂ ಕೆಡುತ್ತದೆ. ನಿಜ ಹೇಳಿ ಕಾದವನಿಗೆ ಫಲ ಸಿಗುತ್ತದೆ.