ಹುಲಿಗೆ ಅಡ್ಡ ನಿಂತ ನರಿ

ಕೆಂಚನೆಂಬ ನರಿ ಹುಲಿರಾಯನಿಗೆ ಬೇಟೆಯ ದಾರಿ ತೋರುತ್ತಿತ್ತು. ಒಂದು ದಿನ ಹುಲಿ ಜಿಂಕೆಗಳ ಹಿಂಡಿನ ದೊಡ್ಡ ಕೊಂಬಿನ ಗಂಡಿಗೆ ಹೊಂಚು ಹಾಕಿತು. ನರಿ ಅಡ್ಡ ನಿಂತಿತು.

“ಒಡೆಯಾ, ಅದು ಹಿಂಡಿನ ಬೀಜದ ಗಂಡು, ಮರಿಗಳಾಗುವುದು ಅದರಿಂದಲೇ. ಹಿಂದಿರುವ ಕಜ್ಜಿಯ ಜಿಂಕೆಯನ್ನು ಹಿಡಿಯಿರಿ. ಅದು ನರಳುತ್ತಿದೆ, ಬಿಟ್ಟರೆ ರೋಗ ಎಲ್ಲಕ್ಕೂ ಹರಡುತ್ತದೆ.”

“ನನ್ನ ಊಟ ಆರಿಸಲು ನೀನಾರು? ನಿನ್ನನ್ನೇ ತಿಂದೇನು!”

“ತಿನ್ನಿ. ಆದರೆ ಬರುವ ವರ್ಷ ತಿನ್ನಲು ಜಿಂಕೆಯೇ ಇರುವುದಿಲ್ಲ.”

ನರಿ ಸರಿಯಲಿಲ್ಲ. ಹುಲಿ ಗೊಣಗುತ್ತಲೇ ಕಜ್ಜಿಯ ಜಿಂಕೆಯ ಮೇಲೆ ಹಾರಿತು.

ಮಳೆಗಾಲ ಕಳೆಯುವಷ್ಟರಲ್ಲಿ ಹುಲ್ಲುಗಾವಲಿನ ತುಂಬ ಮರಿಗಳು ನೆಗೆದಾಡಿದವು. ಪಕ್ಕದ ಕಾಡಿನ ಹುಲಿ ಹಸಿದು ಬಂದು, “ನಿನಗೆ ಮಾತ್ರ ಇಷ್ಟೊಂದು ಜಿಂಕೆ ಹೇಗಪ್ಪಾ?” ಎಂದು ಕೇಳಿತು.

“ನನ್ನ ಗುರುಗಳನ್ನು ಕೇಳು” ಎಂದು ಹುಲಿರಾಯ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಕೆಂಚ ಬಾಲವೆತ್ತಿಕೊಂಡು ಎರಡು ಹುಲಿಗಳ ಮುಂದೆ ನಡೆಯಿತು.